ಮಕ್ಕಳ ಮಾನಸಿಕ ಚಿಕಿತ್ಸೆಯ ನಿರ್ಧಾರಗಳು ಮತ್ತು ಹೆತ್ತವರಿಗೆ ನೆರವಾಗುವ ಡಿಜಿಟಲ್ ಸಾಧನಗಳು

ಮಗುವಿಗೆ ಮಾನಸಿಕ ತೊಂದರೆಯಿದೆ ಎಂದು ಗೊತ್ತಾದ ಮೇಲೆ ಯಾವ ಚಿಕಿತ್ಸೆ ಕೊಡಿಸಬೇಕು, ಯಾವಾಗ ಶುರುಮಾಡಬೇಕು, ಎಲ್ಲಿಯವರೆಗೆ ಮುಂದುವರಿಸಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಈ ತೀರ್ಮಾನಗಳಲ್ಲಿ ವೈದ್ಯರ ಜೊತೆ ತಂದೆತಾಯಿಯೂ ವಿಷಯ ತಿಳಿದು ಪಾಲ್ಗೊಳ್ಳುವಂತೆ ಮಾಡಲು ರೂಪಿಸಿದ ವೆಬ್‌ಸೈಟ್, ಮೊಬೈಲ್ ಆ್ಯಪ್, ಆನ್‌ಲೈನ್ ಪ್ರಶ್ನಾವಳಿ ಮತ್ತು ಆಸ್ಪತ್ರೆ ಪೋರ್ಟಲ್‌ಗಳು ಈ ಲೇಖನದ ವಿಷಯ. ರೋಗ ಪತ್ತೆ ಮಾಡುವುದು ಇವುಗಳ ಕೆಲಸವಲ್ಲ. ಇರುವ ದಾರಿಗಳು ಯಾವುವು, ಒಂದೊಂದರಿಂದ ಲಾಭವೆಷ್ಟು, ತೊಂದರೆಯೆಷ್ಟು, ನಮ್ಮ ಮಗುವಿಗೂ ಮನೆಗೂ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರ ಮುಂದೆ ಕೂರುವ ಮೊದಲೇ ಯೋಚಿಸಲು ಇವು ಬಿಡುವು ಮಾಡಿಕೊಡುತ್ತವೆ. ಕೆನಡಾ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಈ ಕ್ಷೇತ್ರ ಬೆಳೆದಿದೆ. ಭಾರತದಲ್ಲಿ ಅದು ಇನ್ನೂ ಎಳೆಯದು.

ನಿರ್ಧಾರ ಏಕೆ ಕಠಿಣ

ಮೂಳೆ ಮುರಿದಾಗ ಪಟ್ಟಿ ಹಾಕಿಸಬೇಕೇ ಬೇಡವೇ ಎಂದು ಹೆತ್ತವರನ್ನು ಯಾರೂ ಕೇಳುವುದಿಲ್ಲ. ಮಕ್ಕಳ ಮನಸ್ಸಿನ ತೊಂದರೆಗಳಲ್ಲಿ ಮಾತ್ರ ಒಂದೇ ಸರಿಯುತ್ತರ ಸಿಗುವುದು ಅಪರೂಪ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ, ಎಂಟಿಎ ಎಂಬ ಹೆಸರಿನಿಂದ ಪ್ರಸಿದ್ಧವಾದ ಅಧ್ಯಯನದಲ್ಲಿ 7ರಿಂದ 9 ವರ್ಷದೊಳಗಿನ 579 ಮಕ್ಕಳನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಚ್ಚರಿಕೆಯಿಂದ ಹೊಂದಿಸಿದ ಔಷಧಿ, ಇನ್ನೊಂದಕ್ಕೆ ನಡವಳಿಕೆ ಚಿಕಿತ್ಸೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಊರಿನಲ್ಲಿ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ. 14 ತಿಂಗಳ ಕೊನೆಗೆ, ಚಂಚಲತೆ ಮತ್ತು ಗಮನವಿಲ್ಲದಿರುವಿಕೆಯಂಥ ಮುಖ್ಯ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಔಷಧಿಯಿದ್ದ ಎರಡು ಗುಂಪುಗಳು ಮುಂದಿದ್ದವು. ಎರಡೂ ಚಿಕಿತ್ಸೆ ಪಡೆದ ಮಕ್ಕಳು ಮುಖ್ಯ ಲಕ್ಷಣಗಳಲ್ಲಿ ಬರೀ ಔಷಧಿ ಪಡೆದವರಿಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಆದರೆ ಅವರಿಗೆ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು, ಅವರ ಹೆತ್ತವರೂ ಹೆಚ್ಚು ಸಮಾಧಾನ ವ್ಯಕ್ತಪಡಿಸಿದರು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಕರಗಿಹೋಗಿತ್ತು.

ಇಂಥ ಫಲಿತಾಂಶವನ್ನು ಇಟ್ಟುಕೊಂಡು ಎರಡನೇ ತರಗತಿಯ ಹುಡುಗನ ತಾಯಿ ಏನು ನಿರ್ಧರಿಸಬೇಕು? ಅವಳಿಗೆ ಮುಖ್ಯವಾದದ್ದು ಅವನ ಓದೋ, ಮನೆಯಲ್ಲಿ ದಿನಾ ನಡೆಯುವ ಜಗಳ ನಿಲ್ಲುವುದೋ, ಅವನಿಗೆ ಒಬ್ಬಿಬ್ಬರು ಗೆಳೆಯರು ಸಿಗುವುದೋ ಎಂಬುದನ್ನು ಉತ್ತರ ಅವಲಂಬಿಸಿದೆ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಅಲೆಕ್ಸಾಂಡರ್ ಫಿಕ್ಸ್ ಮತ್ತು ಸಂಗಡಿಗರು ಹೆತ್ತವರ ಇಂಥ ಗುರಿಗಳನ್ನು ದಾಖಲಿಸಲೆಂದೇ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಓದಿನ ಸುಧಾರಣೆಯನ್ನು ಗುರಿಯಾಗಿಟ್ಟುಕೊಂಡವರು ಔಷಧಿ ಶುರುಮಾಡುವ ಸಾಧ್ಯತೆ ಹೆಚ್ಚು, ನಡವಳಿಕೆಯ ಚಿಂತೆಯಿದ್ದವರು ನಡವಳಿಕೆ ಚಿಕಿತ್ಸೆಗೆ ಹೋಗುವ ಸಾಧ್ಯತೆ ಹೆಚ್ಚು ಎಂದು ಅವರಿಗೆ 2013ರ ಹೊತ್ತಿಗೆ ಕಂಡುಬಂತು. ಅಂದರೆ ಹೆತ್ತವರ ಮನಸ್ಸಿನಲ್ಲಿ ಗುರಿ ಮೊದಲೇ ಇರುತ್ತದೆ. ಬಾಯಿಬಿಟ್ಟು ಕೇಳದಿದ್ದರೆ ಅದು ವೈದ್ಯರಿಗೆ ತಿಳಿಯುವುದಿಲ್ಲ.

ಹರೆಯದವರ ಖಿನ್ನತೆಯಲ್ಲಿ ತೊಡಕು ಇನ್ನೂ ಹೆಚ್ಚು. 12ರಿಂದ 17 ವರ್ಷದ 439 ಮಂದಿಯ ಮೇಲೆ ನಡೆದ ಟ್ಯಾಡ್ಸ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 12 ವಾರಗಳ ನಂತರ ಖಿನ್ನತೆಗೆ ಕೊಡುವ ಫ್ಲೂಆಕ್ಸೆಟೀನ್ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇ. 71, ಬರೀ ಮಾತ್ರೆ ಪಡೆದವರಲ್ಲಿ ಸುಮಾರು ಶೇ. 61, ಬರೀ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 43, ಔಷಧಿಯ ಅಂಶವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 35 ಮಂದಿ ಚೇತರಿಕೆ ತೋರಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಖಿನ್ನತೆಯ ಮಾತ್ರೆಗಳು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಮತ್ತು ನಡವಳಿಕೆಯನ್ನು ಹೆಚ್ಚಿಸಬಹುದು ಎಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನಲ್ಲಿ ಮುದ್ರಿಸುವಂತೆ ಆದೇಶಿಸಿತು. ಅದಕ್ಕೆ ಆಧಾರವಾದ 24 ಪ್ರಯೋಗಗಳಲ್ಲಿ ಮಾತ್ರೆ ತೆಗೆದುಕೊಂಡ 100 ಮಕ್ಕಳಲ್ಲಿ 4 ಮಂದಿಗೆ, ಹುಸಿಮಾತ್ರೆ ತೆಗೆದುಕೊಂಡ 100ರಲ್ಲಿ 2 ಮಂದಿಗೆ ಇಂಥ ಯೋಚನೆ ಅಥವಾ ನಡವಳಿಕೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ‘ಅಪಾಯ ಎರಡು ಪಟ್ಟು’ ಎಂದು ಕೇಳಿದ ತಂದೆ ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಬಹುದು. ‘ನೂರರಲ್ಲಿ ಎರಡರ ಬದಲು ನಾಲ್ಕು, ಮೊದಲ ಕೆಲವು ವಾರ ಕಣ್ಣಿಟ್ಟು ನೋಡಿಕೊಳ್ಳಬೇಕು’ ಎಂದು ತಿಳಿದವನು ಬೇರೆ ರೀತಿ ಯೋಚಿಸುತ್ತಾನೆ. ಎರಡೂ ಹೇಳಿಕೆಗಳ ಹಿಂದಿರುವುದು ಒಂದೇ ಲೆಕ್ಕ.

ಹಿನ್ನೆಲೆ

ರೋಗಿ ಮತ್ತು ವೈದ್ಯರು ಕೂಡಿ ತೀರ್ಮಾನಿಸಬೇಕು ಎಂಬ ವಿಚಾರಕ್ಕೆ ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗವೊಂದರ 1982ರ ವರದಿ ಬಲ ಕೊಟ್ಟಿತು. ಕೆನಡಾದ ಕ್ಯಾಥಿ ಚಾರ್ಲ್ಸ್ ಮತ್ತು ಸಂಗಡಿಗರು 1997ರಲ್ಲಿ ಅದರ ಲಕ್ಷಣಗಳನ್ನು ವಿವರಿಸಿದರು. ಆಟವಾದಲ್ಲಿ ಆನೆಟ್ ಓ’ಕಾನರ್ ಅವರ ತಂಡ ನಿರ್ಧಾರಕ್ಕೆ ನೆರವಾಗುವ ಮಾರ್ಗದರ್ಶಿಗಳನ್ನೂ, ಮನಸ್ಸಿನ ಹೊಯ್ದಾಟವನ್ನು ಅಳೆಯುವ 16 ಪ್ರಶ್ನೆಗಳ ಮಾಪಕವನ್ನೂ ಸಿದ್ಧಪಡಿಸಿತು. ಇಂಥ ಸಾಧನಗಳ ಗುಣಮಟ್ಟವನ್ನು ನಿಗದಿಮಾಡಲು 2003ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಲಾಭ ಮತ್ತು ತೊಂದರೆ ಎರಡನ್ನೂ ಸಮನಾಗಿ ತೋರಿಸಬೇಕು, ಏನೂ ಮಾಡದೆ ಕಾಯುವುದನ್ನೂ ಒಂದು ಆಯ್ಕೆಯಾಗಿ ಇಡಬೇಕು, ಅಂಕಿಗಳನ್ನು ಒಂದೇ ಅಳತೆಯಲ್ಲಿ ಕೊಡಬೇಕು, ಹಣ ಕೊಟ್ಟವರು ಯಾರೆಂದು ಹೇಳಬೇಕು ಎಂಬಂಥ ಷರತ್ತುಗಳನ್ನು ಅದು ಮುಂದಿಟ್ಟಿತು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2024ರ ಪರಾಮರ್ಶೆ 209 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಇಂಥ ನೆರವು ಸಿಕ್ಕವರ ತಿಳಿವಳಿಕೆ ಹೆಚ್ಚುತ್ತದೆ, ತಮಗೆ ಯಾವುದು ಮುಖ್ಯ ಎಂಬುದು ಅವರಿಗೆ ನಿಚ್ಚಳವಾಗುತ್ತದೆ ಎಂದು ಹೇಳಿತು. ಇವುಗಳಲ್ಲಿ ಬಹುಪಾಲು ದೊಡ್ಡವರ ದೈಹಿಕ ಕಾಯಿಲೆಗಳಿಗೆ ಸಂಬಂಧಿಸಿದವು ಎಂಬುದನ್ನು ಮರೆಯಬಾರದು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಜೂನ್‌ನಲ್ಲಿ ಕೂಡಿ ನಿರ್ಧರಿಸುವ ಕ್ರಮದ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಸಿನ್ಸಿನಾಟಿಯ ಅನುಭವ

ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ವಿಲಿಯಂ ಬ್ರಿಂಕ್‌ಮನ್ ಮತ್ತು ಸಂಗಡಿಗರು ಎಡಿಎಚ್‌ಡಿ ಇದೆಯೆಂದು ಹೊಸದಾಗಿ ತಿಳಿದ ಮಕ್ಕಳ ಹೆತ್ತವರಿಗಾಗಿ ಒಂದು ನಿರ್ಧಾರ ನೆರವನ್ನು ರೂಪಿಸಿ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಸಣ್ಣದು: 7 ಮಂದಿ ಮಕ್ಕಳ ವೈದ್ಯರು, 54 ಮಕ್ಕಳ ಕುಟುಂಬಗಳು. ಆದರೂ ಅದನ್ನು ಮತ್ತೆ ಮತ್ತೆ ನೆನೆಯಲು ಕಾರಣವಿದೆ. ಸಾಧನ ಬಂದ ಮೇಲೆ ಹೆತ್ತವರು ಮಾತುಕತೆಯಲ್ಲಿ ಹೆಚ್ಚು ಪಾಲ್ಗೊಂಡರು, ಅವರಿಗೆ ವಿಷಯ ಹೆಚ್ಚು ತಿಳಿದಿತ್ತು, ಹೊಯ್ದಾಟ ಕಡಿಮೆಯಾಗಿತ್ತು. ಭೇಟಿಯ ಅವಧಿ ಮಾತ್ರ ಮೊದಲೂ ಸುಮಾರು 41 ನಿಮಿಷ, ಆಮೇಲೂ ಸುಮಾರು 41 ನಿಮಿಷ. ‘ಇಷ್ಟೆಲ್ಲ ವಿವರಿಸುತ್ತ ಕೂತರೆ ಹೊರಗೆ ಕಾಯುವವರ ಗತಿಯೇನು’ ಎನ್ನುವ ವೈದ್ಯರಿಗೆ ಇದು ಗಟ್ಟಿ ಉತ್ತರ. ನಮ್ಮ ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ 41 ನಿಮಿಷ ಸಿಗುವುದು ಕನಸಿನ ಮಾತು ಎಂಬುದೂ ನಿಜ. ಹಾಗಾಗಿ ಇಲ್ಲಿ ಭೇಟಿಗೆ ಮೊದಲು ಮನೆಯಲ್ಲೇ ನೋಡಬಹುದಾದ ಸಾಧನಕ್ಕೆ ಬೆಲೆ ಹೆಚ್ಚು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಅಷ್ಟು ಆಶಾದಾಯಕವಾಗಿರಲಿಲ್ಲ. ಮುಂದಿನ ಭೇಟಿಗಳ ಸಂಖ್ಯೆಯಾಗಲಿ, ಔಷಧಿಯ ಪ್ರಮಾಣವನ್ನು ಹೊಂದಿಸುತ್ತ ಹೋದ ಮಕ್ಕಳ ಸಂಖ್ಯೆಯಾಗಲಿ ಗಮನಾರ್ಹವಾಗಿ ಏರಲಿಲ್ಲ. ಮೊದಲ ದಿನ ಚೆನ್ನಾಗಿ ನಿರ್ಧರಿಸಿದ ಮಾತ್ರಕ್ಕೆ ಮೂರನೆಯ ತಿಂಗಳ ನಿರ್ಧಾರವೂ ಚೆನ್ನಾಗಿರುತ್ತದೆ ಎಂದೇನಿಲ್ಲ. ಹಸಿವು ಕಡಿಮೆಯಾಗಿದೆ, ರಾತ್ರಿ ನಿದ್ದೆ ತಡವಾಗುತ್ತಿದೆ, ಶಾಲೆಯಲ್ಲಿ ಪರವಾಗಿಲ್ಲ ಆದರೆ ಸಂಜೆ ಸಿಡಿಮಿಡಿ ಹೆಚ್ಚಿದೆ ಎಂಬ ಸಂಗತಿಗಳು ವೈದ್ಯರಿಗೆ ಮುಟ್ಟಬೇಕು. ಇಂಥ ಕೊರತೆ ತುಂಬಬಲ್ಲ ಒಂದು ವೆಬ್ ಪೋರ್ಟಲನ್ನು ಅದೇ ಆಸ್ಪತ್ರೆಯ ಜೆಫ್ರಿ ಎಪ್‌ಸ್ಟೈನ್ ಅವರ ತಂಡ ಕಟ್ಟಿತು. ಎಡಿಎಚ್‌ಡಿ ಲಕ್ಷಣಗಳನ್ನು ಅಳೆಯುವ ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿಯನ್ನು ಮನೆಯಿಂದ ಹೆತ್ತವರೂ ಶಾಲೆಯಿಂದ ಶಿಕ್ಷಕರೂ ಅಲ್ಲಿ ತುಂಬುತ್ತಾರೆ. ‘ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸುತ್ತದೆಯೇ’ ಎಂಬ ಬಗೆಯ ಪ್ರಶ್ನೆಗಳಿಗೆ ‘ಎಂದೂ ಇಲ್ಲ’ ಎಂಬುದರಿಂದ ‘ತುಂಬ ಸಲ’ ಎಂಬುದರವರೆಗೆ ನಾಲ್ಕು ಮೆಟ್ಟಿಲಿನ ಉತ್ತರ. ಅಂಕಗಳನ್ನು ಪೋರ್ಟಲ್ ತಾನೇ ಕೂಡಿಸಿ ವೈದ್ಯರ ಮುಂದಿಡುತ್ತದೆ, ಅಡ್ಡಪರಿಣಾಮ ಕಂಡರೆ ಎಚ್ಚರಿಸುತ್ತದೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧಿ ಪಡೆಯುತ್ತಿದ್ದ ಮಕ್ಕಳ ಲಕ್ಷಣಗಳು ಪೋರ್ಟಲ್ ಬಳಸಿದ ಚಿಕಿತ್ಸಾಲಯಗಳಲ್ಲಿ ಹೆಚ್ಚು ತಗ್ಗಿದ್ದವು ಎಂದು ಹೆತ್ತವರ ಅಂಕಗಳು ತೋರಿಸಿದವು. ತಾಯಿಯ ನೆನಪಿನಲ್ಲಿ ಉಳಿದ ಒಂದೆರಡು ಕೆಟ್ಟ ದಿನಗಳ ಬದಲು ವಾರಗಳ ದಾಖಲೆ ಎದುರಿಗಿರುವುದು ಇದರ ದೊಡ್ಡ ಅನುಕೂಲ.

ಲಂಡನ್ನಿನ ‘ಪವರ್ ಅಪ್ ಫಾರ್ ಪೇರೆಂಟ್ಸ್’

ಹೆತ್ತವರನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಸಾಧನಗಳಲ್ಲಿ ‘ಪವರ್ ಅಪ್ ಫಾರ್ ಪೇರೆಂಟ್ಸ್’ ಒಂದು. ಲಂಡನ್ನಿನ ಆ್ಯನಾ ಫ್ರಾಯ್ಡ್ ಸಂಸ್ಥೆ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್ ಕೂಡಿ ನಡೆಸುವ ಸಂಶೋಧನಾ ಘಟಕ ಮೊದಲು ಹರೆಯದವರಿಗಾಗಿ ‘ಪವರ್ ಅಪ್’ ಎಂಬ ಆ್ಯಪ್ ಮಾಡಿತ್ತು. ಅದರ ಬೆನ್ನಿಗೆ ಶಾನ್ ಲಿವರ್‌ಪೂಲ್, ಜೂಲಿಯನ್ ಎಡ್‌ಬ್ರೂಕ್-ಚೈಲ್ಡ್ಸ್ ಮತ್ತು ಸಂಗಡಿಗರು ಪೋಷಕರಿಗಾಗಿ ಇದನ್ನು ರೂಪಿಸಿದರು. ಹೆತ್ತವರನ್ನೂ ಚಿಕಿತ್ಸಕರನ್ನೂ ಕೇಳಿಕೊಂಡೇ ವಿನ್ಯಾಸ ತಿದ್ದಿದರು.

ಈ ಸಾಧನದ ವಿಶೇಷ, ಅದು ಹೆತ್ತವರ ಮನಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು. ಮಗು ಕೈ ಕುಯ್ದುಕೊಂಡದ್ದನ್ನು ಹಿಂದಿನ ದಿನ ನೋಡಿದ ತಾಯಿಗೆ ಆಯ್ಕೆಗಳ ಪಟ್ಟಿ ಕೊಟ್ಟರೆ ಅದು ತಲೆಗೆ ಹೋಗುವುದಿಲ್ಲ. ‘ನಾನೇ ಎಲ್ಲೋ ತಪ್ಪು ಮಾಡಿದೆ’ ಎಂಬ ಕೊರಗು, ಶಾಲೆಯವರು ಏನಂದುಕೊಂಡಾರು ಎಂಬ ಅಳುಕು, ಗಂಡಹೆಂಡಿರ ನಡುವಿನ ಭಿನ್ನಾಭಿಪ್ರಾಯ, ಇವೆಲ್ಲ ನಿರ್ಧಾರದೊಳಗೇ ಬೆರೆತಿರುತ್ತವೆ. ಆದ್ದರಿಂದ ಗುರಿಗಳನ್ನೂ ತೀರ್ಮಾನಗಳನ್ನೂ ಗುರುತಿಸಿಕೊಳ್ಳುವುದರ ಜೊತೆಗೆ ತಮ್ಮ ಭಾವನೆಗಳನ್ನು ಬರೆದುಕೊಳ್ಳಲು, ಬೆಂಬಲ ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಇಲ್ಲಿ ಜಾಗ ಮಾಡಲಾಯಿತು. 2021ರಲ್ಲಿ ಪ್ರಕಟವಾದ ಪ್ರಾಯೋಗಿಕ ಪರೀಕ್ಷೆ, ಇಂಥದ್ದನ್ನು ಬಳಸುವುದು ಸಾಧ್ಯವೇ, ಜನ ಒಪ್ಪುತ್ತಾರೆಯೇ ಎಂದು ನೋಡುವಷ್ಟಕ್ಕೇ ಸೀಮಿತವಾಗಿತ್ತು. ಮಗುವಿನ ಆರೋಗ್ಯ ಇದರಿಂದ ಸುಧಾರಿಸುತ್ತದೆ ಎಂಬುದಕ್ಕೆ ಅದನ್ನು ಪುರಾವೆಯಾಗಿ ಹಿಡಿಯುವಂತಿಲ್ಲ. ಈ ಕ್ಷೇತ್ರದ ಬಹುತೇಕ ಸಾಧನಗಳ ಸ್ಥಿತಿ ಇದೇ: ತಿಳಿವಳಿಕೆ, ಸಮಾಧಾನ, ಪಾಲ್ಗೊಳ್ಳುವಿಕೆ ಹೆಚ್ಚುವುದು ಕಾಣುತ್ತದೆ, ಕಾಯಿಲೆ ಬೇಗ ಗುಣವಾಗುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಾಗೆಂದು ಇವನ್ನು ತಳ್ಳಿಹಾಕುವುದು ಸರಿಯಲ್ಲ. ತನ್ನ ಮಗುವಿಗೆ ಏನು ಮಾಡುತ್ತಿದ್ದಾರೆ ಎಂದು ತಿಳಿಯುವುದು ಗುಣವಾಗುವಿಕೆಯ ಸಾಧನವಷ್ಟೇ ಆಗಬೇಕಿಲ್ಲ, ಅದು ಹೆತ್ತವರ ಹಕ್ಕೂ ಹೌದು.

ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿರುವ ಒರಿಜನ್ ಸಂಸ್ಥೆಯಲ್ಲಿ ಮ್ಯಾಜೆಂಟಾ ಸಿಮನ್ಸ್ ಅವರು ಖಿನ್ನತೆಯಿರುವ ಯುವಜನರಿಗಾಗಿ ಆನ್‌ಲೈನ್ ನಿರ್ಧಾರ ನೆರವು ರೂಪಿಸಿದ್ದಾರೆ. ಅಲ್ಲಿ ಕೇಂದ್ರದಲ್ಲಿರುವವರು ಹೆತ್ತವರಲ್ಲ, ಯುವಜನರೇ.

ಮಗುವಿನ ಮಾತು, ಮಗುವಿನ ಗುಟ್ಟು

ಹೆತ್ತವರಿಗೆ ಬಲ ಕೊಡುವ ಸಾಧನ ಮಗುವಿನ ಬಾಯಿ ಮುಚ್ಚಿಸಬಾರದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 1985ರ ಗಿಲಿಕ್ ತೀರ್ಪಿನ ನಂತರ, ವಿಷಯವನ್ನು ಪೂರ್ತಿ ಅರ್ಥಮಾಡಿಕೊಳ್ಳಬಲ್ಲ 16 ವರ್ಷದೊಳಗಿನ ಮಕ್ಕಳೂ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದಾಗಿದೆ. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ವೈದ್ಯರ ಟಿಪ್ಪಣಿಗಳನ್ನು ರೋಗಿಗಳಿಗೆ ಆನ್‌ಲೈನಿನಲ್ಲಿ ತೆರೆದಿಡಬೇಕೆಂಬ ನಿಯಮ ಜಾರಿಗೆ ಬಂದಾಗ ಮಗುವಿನ ಗುಟ್ಟಿನ ಪ್ರಶ್ನೆ ಚುರುಕಾಯಿತು. ಹದಿನಾಲ್ಕರ ಹುಡುಗಿ ಆಪ್ತಸಮಾಲೋಚಕರಿಗೆ ನಂಬಿ ಹೇಳಿದ್ದನ್ನು ಅವಳ ಅಪ್ಪ ಕಚೇರಿಯಲ್ಲಿ ಕೂತು ಫೋನಿನಲ್ಲಿ ಓದಿದರೆ, ಮುಂದಿನ ವಾರ ಅವಳು ಏನೂ ಹೇಳುವುದಿಲ್ಲ. ಹೀಗಾಗಿ ಹಲವು ಆಸ್ಪತ್ರೆಗಳು ಮಗು ಹದಿಹರೆಯಕ್ಕೆ ಬಂದೊಡನೆ ಹೆತ್ತವರ ಪೋರ್ಟಲ್ ಪ್ರವೇಶವನ್ನು ಮಿತಗೊಳಿಸುತ್ತವೆ. ಏನನ್ನು ಮನೆಯವರಿಗೆ ಹೇಳಬಹುದು, ಏನನ್ನು ಹೇಳಬಾರದು ಎಂದು ಮಗುವಿನ ಜೊತೆ ಮೊದಲ ಭೇಟಿಯಲ್ಲೇ ಮಾತಾಡಿಕೊಂಡು, ಜೀವಕ್ಕೆ ಅಪಾಯವಿದ್ದರೆ ಗುಟ್ಟು ಉಳಿಯದು ಎಂದು ತಿಳಿಸುವುದು ಸರಿಯಾದ ಕ್ರಮ.

ಭಾರತ ಮತ್ತು ಕರ್ನಾಟಕ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುನ್ನಡೆಸಿತು. ಅದರ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ. ಕಾನೂನು ಹೆತ್ತವರ ಹೆಗಲಿಗೆ ದೊಡ್ಡ ಹೊಣೆ ಹೊರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ 18 ತುಂಬದವರ ನಾಮನಿರ್ದೇಶಿತ ಪ್ರತಿನಿಧಿ (ಅಂದರೆ ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲುವವರು) ಕಾನೂನುಬದ್ಧ ಪೋಷಕರೇ, ಕಾಯಿದೆಯಡಿ ರಚಿಸಿದ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಬೇರೆ ಆದೇಶ ಮಾಡದಿದ್ದರೆ. ಮಗುವಿನ ಪರವಾಗಿ ಮುಂಗಡ ನಿರ್ದೇಶನ, ಅಂದರೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದಿಡುವ ಹಕ್ಕೂ ಅವರಿಗಿದೆ. ಮಗುವನ್ನು ದಾಖಲು ಮಾಡಿದರೆ ಅವರು ಅಥವಾ ಅವರು ನೇಮಿಸಿದ ಸಹಾಯಕರು ಜೊತೆಯಲ್ಲೇ ಇರಬೇಕು, ಮಗುವನ್ನು ದೊಡ್ಡವರ ವಾರ್ಡಿನಿಂದ ಬೇರೆಯಾಗಿ ಇರಿಸಬೇಕು. ಇಷ್ಟೆಲ್ಲ ಅಧಿಕಾರವನ್ನು ತಿಳಿದು ಚಲಾಯಿಸಲು ಬೇಕಾದ ಮಾಹಿತಿಯನ್ನು ಸರಳ ಕನ್ನಡದಲ್ಲಿ ಕೊಡುವ ವ್ಯವಸ್ಥೆ ಕಾಯಿದೆಯ ವೇಗದಲ್ಲಿ ಬೆಳೆದಿಲ್ಲ.

ನಮ್ಮಲ್ಲಿ ಹೆತ್ತವರು ದೂರ ಉಳಿಯುವುದಿಲ್ಲ; ಮಗುವಿನ ಜೊತೆ ಅಜ್ಜಿ, ಸೋದರಮಾವ, ದೊಡ್ಡಪ್ಪನೂ ಆಸ್ಪತ್ರೆಗೆ ಬರುವುದುಂಟು. ಆದರೆ ‘ನೀವು ಹೇಗೆ ಹೇಳ್ತೀರೋ ಹಾಗೆ ಡಾಕ್ಟ್ರೇ’ ಎಂದು ತಲೆಯಾಡಿಸಿ ಹೊರಬಂದು, ಮನೆಯಲ್ಲಿ ಹಿರಿಯರೊಬ್ಬರು ‘ಇಷ್ಟು ಚಿಕ್ಕ ಮಗುವಿಗೆ ಮಾತ್ರೆಯೇ’ ಎಂದೊಡನೆ ನಿಲ್ಲಿಸುವುದೂ ನಡೆಯುತ್ತದೆ. ನಿಜವಾದ ನಿರ್ಧಾರ ಆಗುವುದು ಮನೆಯಲ್ಲಿ. ಆದ್ದರಿಂದ ಇಲ್ಲಿನ ಸಾಧನ ತಾಯಿಯೊಬ್ಬಳ ಲಾಗಿನ್ ಒಳಗೆ ಕೂತಿದ್ದರೆ ಸಾಲದು. ಮನೆಮಂದಿ ಒಟ್ಟಿಗೆ ಕೂತು ಕೇಳಬಹುದಾದ ದನಿಯ ತುಣುಕು, ವಾಟ್ಸ್‌ಆ್ಯಪಿನಲ್ಲಿ ದಾಟಿಸಬಹುದಾದ ಒಂದು ಪುಟ, ನೂರು ಪುಟ್ಟ ಮಕ್ಕಳ ಚಿತ್ರದಲ್ಲಿ ನಾಲ್ಕಕ್ಕೆ ಬಣ್ಣ ಹಚ್ಚಿ ತೋರಿಸುವ ಹಾಳೆ, ಇವು ಹೆಚ್ಚು ಕೆಲಸಕ್ಕೆ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ಶೇ. 54ರಷ್ಟು ಮಂದಿಗೆ ಮಾತ್ರ. ಮಗುವಿನ ಊಟ, ನಿದ್ದೆ, ಸಿಟ್ಟು ಎಲ್ಲ ಗೊತ್ತಿರುವುದು ತಾಯಿಗೆ. ಆ್ಯಪ್ ಇಳಿಸಿಕೊಂಡಿರುವುದು ಗಂಡನ ಫೋನಿನಲ್ಲಿ ಎಂದಾದರೆ, ಸಾಧನ ತಪ್ಪು ಕೈ ಸೇರಿದಂತೆ.

ಆಧಾರವಾಗಬಲ್ಲ ವ್ಯವಸ್ಥೆಗಳು ಇಲ್ಲದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು, ಗುರುತು ಖಚಿತವಾದ ವಯಸ್ಕರೊಬ್ಬರು ಜೊತೆಗಿದ್ದರೆ ಮಕ್ಕಳಿಗೂ ದೂರಸಲಹೆ ಕೊಡಲು ಅವಕಾಶ ಮಾಡಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಫೋನಿನಲ್ಲಿ ಮಾನಸಿಕ ಆರೋಗ್ಯದ ನೆರವು ಕೊಡುವ ಸರ್ಕಾರದ ಟೆಲಿಮನಸ್ ಸೇವೆಗೆ ನಿಮ್ಹಾನ್ಸ್ ಕೇಂದ್ರ, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ ತಾಂತ್ರಿಕ ಬೆನ್ನೆಲುಬು. 2024ರಲ್ಲಿ ಅದರ ಆ್ಯಪ್ ಕೂಡ ಬಂತು. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ನಿಮ್ಹಾನ್ಸ್‌ನಲ್ಲಿರುವ ‘ಸಂವಾದ’ ಕೇಂದ್ರ, ಮಕ್ಕಳ ಆರೈಕೆ ಮಾಡುವವರಿಗೆ ತರಬೇತಿ ಕೊಡುತ್ತದೆ. ಇವು ಯಾವುವೂ ನಿರ್ಧಾರ ನೆರವುಗಳೆಂದು ಹುಟ್ಟಿದವಲ್ಲ. ಆದರೆ ಕನ್ನಡದ ನಿರ್ಧಾರ ನೆರವೊಂದು ಜನರನ್ನು ಮುಟ್ಟಬೇಕಾದರೆ ಹೊಸ ಆ್ಯಪ್ ತರುವುದಕ್ಕಿಂತ ಇವುಗಳ ಮೂಲಕ ಹೋಗುವುದೇ ಜಾಣತನ. ಇಂಗ್ಲಿಷಿನ ಸಾಧನವನ್ನು ಹಾಗೇ ಕನ್ನಡಿಸಿ ಬಿಡುವುದಂತೂ ಬೇಡ. ಊರಿನಲ್ಲಿ ನಡವಳಿಕೆ ಚಿಕಿತ್ಸೆ ಕೊಡುವವರೇ ಇಲ್ಲದಿದ್ದರೆ ಅದನ್ನು ಆಯ್ಕೆಯಾಗಿ ತೋರಿಸುವುದು ಹೆತ್ತವರಿಗೆ ಮಾಡುವ ಮೋಸ. ಬೀದರಿನ ಹಳ್ಳಿಯಿಂದ ಎಷ್ಟು ದೂರ ಹೋಗಬೇಕು, ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬುದೂ ಆಯ್ಕೆಯ ಪಕ್ಕದಲ್ಲಿ ಬರೆದಿರಬೇಕು.

ಎಚ್ಚರ ವಹಿಸಬೇಕಾದ ಕಡೆ

ಮಗುವಿನ ಮನಸ್ಸಿನ ದಾಖಲೆಗಿಂತ ಸೂಕ್ಷ್ಮವಾದ ಮಾಹಿತಿ ಬೇರೆ ಇಲ್ಲ. ಆನ್‌ಲೈನ್ ಆಪ್ತಸಮಾಲೋಚನೆ ಒದಗಿಸುವ, ಹದಿಹರೆಯದವರಿಗೂ ಸೇವೆ ಇದ್ದ ಬೆಟರ್‌ಹೆಲ್ಪ್ ಕಂಪನಿ ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮತ್ತು ಸ್ನ್ಯಾಪ್‌ಚಾಟ್‌ಗಳ ಜೊತೆ ಹಂಚಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕಂಪನಿ 78 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ಚಲನವಲನ ಹಿಂಬಾಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಉಚಿತ ಆ್ಯಪ್ ಇಳಿಸಿಕೊಳ್ಳುವ ಮೊದಲು ಅದರ ಹಿಂದೆ ಆಸ್ಪತ್ರೆಯಿದೆಯೋ, ವಿಶ್ವವಿದ್ಯಾಲಯವಿದೆಯೋ, ಔಷಧ ಕಂಪನಿಯಿದೆಯೋ ಎಂದು ನೋಡಬೇಕು.

ಆತ್ಮಹತ್ಯೆಯ ಮಾತು ಆಡುವ, ಊಟ ಬಿಟ್ಟ, ಇದ್ದಕ್ಕಿದ್ದಂತೆ ಭ್ರಮೆಗೆ ಒಳಗಾದ ಮಗುವಿನ ವಿಷಯದಲ್ಲಿ ಇಂಥ ಯಾವ ಸಾಧನವನ್ನೂ ತೆರೆದು ಕೂರಬಾರದು. ಅಂಥ ಹೊತ್ತಿನಲ್ಲಿ ನೇರ ಆಸ್ಪತ್ರೆಗೆ ಹೋಗುವುದೊಂದೇ ದಾರಿ.

ಸಾಧನ ಸಿಗದವರೂ ಬರಿಗೈಯಲ್ಲಿಲ್ಲ. ಸಿಡ್ನಿಯ ಸಂಶೋಧಕರು 2011ರಲ್ಲಿ ಪರೀಕ್ಷಿಸಿದ ಮೂರು ಪ್ರಶ್ನೆಗಳನ್ನು ಯಾರು ಬೇಕಾದರೂ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು: ನಮಗಿರುವ ಆಯ್ಕೆಗಳೇನು? ಒಂದೊಂದರ ಲಾಭ, ತೊಂದರೆ ಏನು? ಅವು ಆಗುವ ಸಾಧ್ಯತೆ ಎಷ್ಟು? ಮಗುವಿನ ವೈದ್ಯರನ್ನು ಇವನ್ನು ಕೇಳಲು ಸಂಕೋಚಪಡಬೇಡಿ. ಯಾರನ್ನು ಕಾಣಬೇಕೆಂದೇ ತಿಳಿಯದಿದ್ದರೆ ಟೆಲಿಮನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.